ಬಿಸಿಯ ಜಾಡು ಹಿಡಿದು

ಫ್ರಿಜ್ ರಿಪೇರಿಗೆ ಬಂದವರು ತಮ್ಮ ಚೀಲವನ್ನು ಅಡುಗೆಮನೆಯ ಹೊಸ್ತಿಲ ಪಕ್ಕ ಇಟ್ಟರು. ಬಿಚ್ಚಲಿಲ್ಲ. ಫ್ರಿಜ್ಜಿನ ಬಾಗಿಲಿಗೂ ಕೈ ಹಾಕಲಿಲ್ಲ. ಮೊದಲು ಫ್ರಿಜ್ಜಿಗೂ ಪಕ್ಕದ ಪ್ಲೈವುಡ್ಡಿಗೂ ನಡುವೆ ಬೆರಳು ತೂರಿಸಲು ನೋಡಿದರು, ಆಗಲಿಲ್ಲ. ನನ್ನನ್ನೂ ಮಗನನ್ನೂ ಕರೆದು ಫ್ರಿಜ್ಜನ್ನು ಎರಡು ಅಡಿ ಮುಂದಕ್ಕೆ ಎಳೆಸಿದರು. ಆಮೇಲೆ ಅದರ ಬದಿಯ ತಗಡಿನ ಹತ್ತಿರ ಅಂಗೈ ಹಿಡಿದರು, ಹೆಂಚು ಕಾದಿದೆಯೇ ಎಂದು ದೋಸೆ ಹುಯ್ಯುವವರು ನೋಡುತ್ತಾರಲ್ಲ, ಹಾಗೆ.

"ಅಕ್ಕಾ, ಹಾಲು ಯಾವಾಗಿಂದ ಒಡೀತಾ ಐತೆ?"

"ಹದಿನೈದು ದಿನ ಆಯ್ತಣ್ಣ. ದೋಸೆಹಿಟ್ಟಂತೂ ಒಂದೇ ರಾತ್ರಿಗೆ ಉಬ್ಬಿ ಡಬ್ಬಿ ಮುಚ್ಚಳ ಎತ್ತಿಬಿಡುತ್ತೆ."

"ಐಸ್ ಕಟ್ಟುತ್ತಾ?"

"ಕಟ್ಟುತ್ತೆ, ಆದ್ರೆ ತುಂಬಾ ತಡ."

"ಈ ಮರದ ಕೆಲಸ ಯಾವಾಗ ಮಾಡಿಸಿದ್ರಿ?"

ಯುಗಾದಿಗೆ ಮುಂಚೆ, ಎಂದಳು ನನ್ನ ಹೆಂಡತಿ. ಹಾಲಿಗೂ ಬಡಗಿಗೂ ಏನು ನಂಟು ಎಂದು ಆಗ ನಮಗೆ ಹೊಳೆಯಲಿಲ್ಲ. ಹಿಂದಿನ ದಿನ ಫೋನಿನಲ್ಲಿ ವಿಚಾರಿಸಿದ್ದ ಇನ್ನೊಬ್ಬರು ಫ್ರಿಜ್ಜಿನ ಮುಖ ನೋಡದೆಯೇ "ಗ್ಯಾಸ್ ಹೋಗಿರುತ್ತೆ, ಚಾರ್ಜ್ ಮಾಡಿಸ್ಬೇಕು" ಎಂದು ತೀರ್ಪು ಕೊಟ್ಟಿದ್ದರು. ಇವರು ಮಾತ್ರ ತೀರ್ಪಿನ ಅವಸರದಲ್ಲಿರಲಿಲ್ಲ. ಅಂಗಿ ಜೇಬಿನಿಂದ ಪೆನ್ನಿನಂಥ ಒಂದು ಥರ್ಮಾಮೀಟರ್ ತೆಗೆದರು, ಫ್ರಿಜ್ಜಿನೊಳಗೇ ಇದ್ದ ನೀರಿನ ಲೋಟವೊಂದನ್ನು ಕೇಳಿ ಪಡೆದು, ಅದರಲ್ಲಿ ಇಳಿಬಿಟ್ಟು ನಡುವಿನ ತಟ್ಟೆಯ ಮೇಲೆ ಇಟ್ಟರು. ಬಾಗಿಲು ತೆಗೆದ ಕ್ಷಣವೇ ಒಳಗಿನ ಗಾಳಿ ಬದಲಾಗುತ್ತದೆ. ನೀರು ಹಾಗಲ್ಲ, ನಿಧಾನಿ. ಹಾಗಾಗಿ ಅದರ ಸಾಕ್ಷಿಯನ್ನು ನಂಬಬಹುದು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ 13 ಡಿಗ್ರಿ. ಹಾಲು ಮೊಸರು ಕೆಡದಿರಲು 4 ಡಿಗ್ರಿಯ ಆಸುಪಾಸು ಇರಬೇಕು. "ಬಡಗಿ ಬರೋವರೆಗೂ ಫ್ರಿಜ್ ಇಲ್ಲೇ, ಈಚೆಗೇ ಇರ್ಲಿ. ಸಂಜೆ ಬಂದು ನೋಡ್ತೀನಿ" ಎಂದರು. ಕಾಫಿ ಬಂತು. ನಾನು ಕೇಳುತ್ತ ಹೋದೆ, ಅವರು ಹೇಳುತ್ತ ಹೋದರು. ಐಟಿಐಯಲ್ಲಿ ಎರಡು ವರ್ಷ ಕಲಿತು, ಮೂವತ್ತು ವರ್ಷದಿಂದ ದಾವಣಗೆರೆಯ ಮನೆಮನೆ ಸುತ್ತಿದ ಕಸುಬು ಅವರದು.

"ಫ್ರಿಜ್ ತಂಪು ಮಾಡಲ್ಲ ಸರ್. ಬಿಸಿ ಹೊರುತ್ತೆ." ಅವರ ಇಡೀ ವಿದ್ಯೆಗೆ ಈ ಎರಡು ವಾಕ್ಯವೇ ಬುನಾದಿ.

ಬೇಸಿಗೆಯಲ್ಲಿ ಮರಳಿನ ಮೇಲಿಟ್ಟ ಮಣ್ಣಿನ ಮಡಿಕೆಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಡಿಕೆಯ ಮೈಯಿಂದ ಜಿನುಗಿದ ನೀರು ಆವಿಯಾಗಬೇಕಾದರೆ ಬಿಸಿ ಬೇಕು. ಆ ಬಿಸಿಯನ್ನು ಅದು ಒಳಗಿನ ನೀರಿನಿಂದಲೇ ಕಿತ್ತುಕೊಂಡು ಹೋಗುತ್ತದೆ. ಉಳಿದ ನೀರು ತಣ್ಣಗಾಗುತ್ತದೆ. ಫ್ರಿಜ್ಜಿನಲ್ಲಿ ನಡೆಯುವುದೂ ಇದೇ. ವ್ಯತ್ಯಾಸ ಎರಡು. ಇಲ್ಲಿ ಆವಿಯಾಗುವುದು ನೀರಲ್ಲ, ಮೈನಸ್ ಹತ್ತಿಪ್ಪತ್ತು ಡಿಗ್ರಿಯಲ್ಲೇ ಕುದಿಯುವ ಒಂದು ದ್ರವ, ರಿಪೇರಿಯವರ ಮಾತಿನಲ್ಲಿ 'ಗ್ಯಾಸ್'. ಮತ್ತು ಆವಿ ಗಾಳಿಪಾಲಾಗುವುದಿಲ್ಲ, ಅದನ್ನು ಹಿಡಿದು ತಂದು ಮತ್ತೆ ದ್ರವ ಮಾಡಲಾಗುತ್ತದೆ.

ಹಿಡಿದು ತರುವ ಕೆಲಸ ಕೆಳಗೆ ಹಿಂಭಾಗದಲ್ಲಿ ಕೂತ ಕರಿ ಉಂಡೆಯದು, ಕಂಪ್ರೆಸರಿನದು. ಅದು ಆವಿಯನ್ನು ಒತ್ತಿ ಕಾಯಿಸಿ ಕಂಡೆನ್ಸರ್ ಎಂಬ ಕೊಳವೆಸಾಲಿಗೆ ತಳ್ಳುತ್ತದೆ. ಅಲ್ಲಿ ಆವಿ ತನ್ನ ಬಿಸಿಯನ್ನು ಅಡುಗೆಮನೆಯ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಮುಂದೆ ತೇವ ಹೀರುವ ಫಿಲ್ಟರ್ ಹಾಯ್ದು, ಒಳರಂಧ್ರ ಒಂದು ಮಿಲಿಮೀಟರೂ ಇಲ್ಲದ ಕ್ಯಾಪಿಲರಿ ಕೊಳವೆಯಲ್ಲಿ ನುಸುಳಿ ಫ್ರೀಜರ್ ಸೇರುತ್ತದೆ. ಇಕ್ಕಟ್ಟಿನಿಂದ ಬಯಲಿಗೆ ಬಂದಂತೆ ಒತ್ತಡ ಥಟ್ಟನೆ ಇಳಿಯುತ್ತದೆ, ದ್ರವ ಕುದಿಯುತ್ತದೆ, ಸುತ್ತಲಿನ ಬಿಸಿಯನ್ನೆಲ್ಲ ಕುಡಿಯುತ್ತದೆ. ಮತ್ತೆ ಕಂಪ್ರೆಸರಿಗೆ. ಹಾಲಿನ ಬಿಸಿಯೂ, ಮೋಟಾರಿಗೆ ಹೋದ ಕರೆಂಟೂ ಕೊನೆಗೆ ಅಡುಗೆಮನೆಗೇ ಬಂದು ಬೀಳಬೇಕು. ಸೆಕೆಯೆಂದು ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡರೆ ಕೋಣೆ ಇನ್ನಷ್ಟು ಕಾಯುವುದು ಇದರಿಂದಲೇ.

ಹಾಗಾದರೆ ಕೂಲಿಂಗ್ ಇಲ್ಲ ಎಂಬ ದೂರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಬಿಸಿ ತನ್ನ ದಾರಿಯಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ? ಅದಕ್ಕೆ ಉತ್ತರ ಹುಡುಕಲು ಅವರಿಗೆ ಮೊದಲು ಬೇಕಾದದ್ದು ಕೈ, ಕಿವಿ, ಕಣ್ಣು.

ಕೈ ಕಂಡೆನ್ಸರನ್ನು ಮುಟ್ಟುತ್ತದೆ. ಹಳೆಯ ಫ್ರಿಜ್ಜುಗಳಲ್ಲಿ ಅದು ಬೆನ್ನಿಗೆ ಕಟ್ಟಿದ ಕರಿ ಜಾಲರಿ. ಹೊಸ ಎಷ್ಟೋ ಫ್ರಿಜ್ಜುಗಳಲ್ಲಿ ಬದಿತಗಡಿನ ಒಳಗೇ ಅಡಗಿರುತ್ತದೆ. ಅದು ಬೆಚ್ಚಗಿದ್ದರೆ ಹೊರೆ ಹೊರುವ ಕೆಲಸ ನಡೆಯುತ್ತಿದೆ ಎಂದರ್ಥ. ಮೋಟಾರು ಗುಂಯ್‌ಗುಡುತ್ತಿದ್ದರೂ ಕಂಡೆನ್ಸರ್ ತಣ್ಣಗೆ ಬಿದ್ದಿದ್ದರೆ ಮೂರು ಅನುಮಾನ. ಗ್ಯಾಸ್ ಸೋರಿದೆ, ಕ್ಯಾಪಿಲರಿ ಚೋಕ್ ಆಗಿದೆ, ಇಲ್ಲವೇ ಕಂಪ್ರೆಸರಿಗೆ ಒತ್ತುವ ಕಸುವು ಉಳಿದಿಲ್ಲ.

ಕಣ್ಣು ಹಿಮ ಓದುತ್ತದೆ. ಒಂದೇ ಬಾಗಿಲಿನ ಫ್ರಿಜ್ಜಿನ ಫ್ರೀಜರ್ ಗೋಡೆಗಳ ಮೇಲೆಲ್ಲ ರಂಗೋಲಿಪುಡಿ ಉದುರಿಸಿದಂತೆ ಸಮನಾದ ಬಿಳುಪು ಇದ್ದರೆ ಗ್ಯಾಸಿನ ಅಳತೆ ಸರಿಯಾಗಿದೆ. ಕ್ಯಾಪಿಲರಿ ಬಂದು ಸೇರುವ ಮೂಲೆಯಲ್ಲಿ ಅಂಗೈಯಗಲ ಮಾತ್ರ ಹಿಮ ಕಟ್ಟಿ ಉಳಿದದ್ದೆಲ್ಲ ಒಣಗಿದ್ದರೆ ಗ್ಯಾಸ್ ಕಡಿಮೆ. ಒಮ್ಮೆ ಕಟ್ಟಿ, ಕರಗಿ, ಮತ್ತೆ ಕಟ್ಟುತ್ತಿದ್ದರೆ ಒಳಗೆ ತೇವ ಸೇರಿದೆ. ಒಂದು ಹನಿ ನೀರು ಕ್ಯಾಪಿಲರಿಯ ತುದಿಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅಲ್ಲಿಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿ ಹಿಡಿದಾಗ 'ಸುಸ್ಸ್' ಎಂಬ ಹರಿವಿನ ಸದ್ದು ಮರಳಿದರೆ ರೋಗ ಸಿಕ್ಕಂತೆಯೇ.

ಕಿವಿಗೆ ಇನ್ನೂ ಹೆಚ್ಚು ಕೆಲಸ. 'ಗುಂಯ್' ಎಂದು ಕೆಲವೇ ಸೆಕೆಂಡು ಮಿಡುಕಿ 'ಟಿಕ್' ಎಂದು ನಿಂತು, ಒಂದೆರಡು ನಿಮಿಷ ಬಿಟ್ಟು ಮತ್ತೆ ಅದೇ ಆದರೆ, ಮೋಟಾರು ಏಳಲು ಒದ್ದಾಡುತ್ತಿದೆ ಎಂದರ್ಥ. ಆ ಟಿಕ್ ಸದ್ದು ಮೋಟಾರು ಸುಡದಂತೆ ಕಾಯುವ ಓವರ್‌ಲೋಡಿನದು. ಅನನುಭವಿಗಳು ಇಲ್ಲೇ ಕಂಪ್ರೆಸರ್ ಸತ್ತಿತು ಎನ್ನುತ್ತಾರೆ. ಬಲ್ಲವರು ಕರೆಂಟ್ ತೆಗೆದು ಮೋಟಾರನ್ನು ಏಳಿಸುವ ಪಕ್ಕದ ರಿಲೇ ಕಳಚಿ ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಒಣ ಹುಣಸೆಬೀಜದಂತೆ ಗಲಗಲ ಎಂದರೆ ಒಳಗಿನ ಬಿಲ್ಲೆ ಒಡೆದಿದೆ. ಕೆಲವು ನೂರು ರೂಪಾಯಿಯಲ್ಲಿ ಕೆಲಸ ಮುಗಿಯಿತು, ಸಾವಿರಗಟ್ಟಲೆ ಬೆಲೆಯ ಕಂಪ್ರೆಸರ್ ಉಳಿಯಿತು.

ರಿಲೇ ಸರಿಯಿದ್ದರೆ ಕಂಪ್ರೆಸರಿನ ಮೂರು ಪಿನ್ನುಗಳನ್ನು ಮೀಟರಿನಲ್ಲಿ ಅಳೆಯುತ್ತಾರೆ. ಇದೊಂದು ಚೆಂದದ ಲೆಕ್ಕ. ಯಾವ ಎರಡು ಪಿನ್ನುಗಳ ನಡುವೆ ಅತಿ ಹೆಚ್ಚು ಓಮ್ ಬರುತ್ತದೋ ಅವು ಸ್ಟಾರ್ಟ್ ಮತ್ತು ರನ್. ಉಳಿದ ಮೂರನೆಯದು ಕಾಮನ್. ಕಾಮನ್ನಿನಿಂದ ಅಳೆದಾಗ ಹೆಚ್ಚು ತೋರಿಸುವುದು ಸ್ಟಾರ್ಟ್, ಕಡಿಮೆ ತೋರಿಸುವುದು ರನ್. ಈ ಎರಡನ್ನು ಕೂಡಿದರೆ ಮೊದಲ ದೊಡ್ಡ ಸಂಖ್ಯೆ ಬರಬೇಕು. ಬಂದರೆ ಸುರುಳಿಗಳು ಕಡಿದಿಲ್ಲ. ಬೆಸುಗೆ ಹಾಕಿ ಮುಚ್ಚಿದ ಕಬ್ಬಿಣದ ಉಂಡೆಯ ಒಳಗನ್ನು ಅದನ್ನು ತೆರೆಯದೆಯೇ ಕಾಣುವ ದಾರಿ ಇದು.

ಕರೆಂಟ್ ಹೋಗಿ ತಕ್ಷಣ ಬಂದಾಗಲೂ ಇದೇ ಟಿಕ್‌ಟಿಕ್ ಕೇಳಬಹುದು. ಆಗ ಎರಡು ಬದಿಯ ಒತ್ತಡ ಇನ್ನೂ ಸಮವಾಗಿರುವುದಿಲ್ಲ, ಮೋಟಾರು ಗೋಡೆಯನ್ನು ತಳ್ಳಿದಂತೆ ತಳ್ಳುತ್ತಿರುತ್ತದೆ. ಐದು ನಿಮಿಷ ಸ್ವಿಚ್ ಆರಿಸಿಟ್ಟರೆ ತಾನೇ ಸರಿಹೋಗುತ್ತದೆ. ಹಳ್ಳಿಗಳಲ್ಲಿ ವೋಲ್ಟೇಜ್ ಕುಸಿದಾಗ ಸ್ಟೆಬಿಲೈಸರ್ ಬೇಕೆನ್ನುವುದೂ ಮೋಟಾರಿನ ಈ ಒದ್ದಾಟ ತಪ್ಪಿಸಲೆಂದೇ.

ದಾರಿಯ ಇನ್ನೊಂದು ತುದಿ ಬಾಗಿಲು. ಹೊರಹಾಕಿದ ಬಿಸಿ ಅಲ್ಲಿಂದಲೇ ಮತ್ತೆ ಒಳನುಗ್ಗುತ್ತಿರಬಹುದು. ಹತ್ತು ರೂಪಾಯಿ ನೋಟನ್ನು ರಬ್ಬರ್ ಅಂಚಿಗೆ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಬೇಕು. ಬಿಗಿಯಾಗಿ ತಡೆದು ಬಂದರೆ ಸರಿ, ಸಲೀಸಾಗಿ ಜಾರಿದರೆ ಅಲ್ಲೊಂದು ಸಂದಿ ಇದೆ. ಎಷ್ಟೋ ಮನೆಗಳಲ್ಲಿ ಗ್ಯಾಸ್ಕೆಟ್ ಎಂಬ ಈ ರಬ್ಬರ್ ಅಂಚು ಹಾಳಾಗಿರುವುದಿಲ್ಲ, ಎಣ್ಣೆಜಿಡ್ಡು ಹಿಡಿದಿರುತ್ತದೆ. ಸೋಪಿನ ಬಿಸಿನೀರಿನಲ್ಲಿ ಒರೆಸಿದರೆ ಮತ್ತೆ ಅಂಟಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಈ ಸಂದಿಯ ಕಾಟ ಇನ್ನೂ ಹೆಚ್ಚು. ಒಳನುಗ್ಗಿದ ತೇವದ ಗಾಳಿ ಫ್ರೀಜರಿನಲ್ಲಿ ದಪ್ಪ ಮಂಜುಗಡ್ಡೆಯಾಗಿ ಕಂಬಳಿ ಹೊದಿಸುತ್ತದೆ, ಬಿಸಿ ಅದನ್ನು ದಾಟಿ ಕೊಳವೆ ಮುಟ್ಟಲಾರದು. ಅದಕ್ಕೆ ಮದ್ದು ನಾಬಿನ ನಡುವಿನ ಡಿಫ್ರಾಸ್ಟ್ ಗುಂಡಿ ಮತ್ತು ತಾಳ್ಮೆ. "ಚಾಕು ಹಾಕಿದ್ರೆ ಮಾತ್ರ ನಮಗೆ ಕೆಲಸ ಸಿಕ್ಕಂಗೆ" ಎಂದು ನಕ್ಕರು. ಫ್ರೀಜರಿನ ಅಲ್ಯೂಮಿನಿಯಂ ಗೋಡೆಯೊಳಗೇ ಗ್ಯಾಸಿನ ದಾರಿ ಇರುತ್ತದೆ. ಮಂಜು ಕೆತ್ತುವ ಚಾಕು ಒಂದಿಷ್ಟು ಜಾರಿದರೂ ತೂತು.

ಎರಡು ಬಾಗಿಲಿನ ಫ್ರಾಸ್ಟ್‌ಫ್ರೀ ಫ್ರಿಜ್ಜಿನ ದೂರು ಬೇರೆ ತರಹದ್ದು: ಮೇಲೆ ಐಸ್ ಕಲ್ಲಾಗಿರುತ್ತದೆ, ಕೆಳಗೆ ಸೊಪ್ಪು ಬಾಡುತ್ತದೆ. ಅಲ್ಲಿ ಬಿಸಿ ಹೊರಲು ಗಾಳಿಯ ನೆರವು ಬೇಕು. ಫ್ರೀಜರಿನ ಹಲಗೆಯ ಹಿಂದೆ ಕಾಯಿಲ್, ಪಕ್ಕದಲ್ಲೊಂದು ಫ್ಯಾನ್. ಕಾಯಿಲಿನ ಮೇಲೆ ಕಟ್ಟುವ ಹಿಮವನ್ನು ಹೀಟರೊಂದು ಆಗಾಗ ಕರಗಿಸುತ್ತಿರಬೇಕು. ಅದು ಕೆಟ್ಟರೆ ಹಿಮ ಬೆಳೆದು ಗಾಳಿಯ ದಾರಿ ಕಟ್ಟುತ್ತದೆ. ಇದನ್ನು ಪರೀಕ್ಷಿಸಲು ಸ್ಕ್ರೂ ಬಿಚ್ಚಬೇಕಾಗಿಲ್ಲ. ಪ್ಲಗ್ ಕಿತ್ತು, ಬಾಗಿಲು ತೆರೆದು, ಒಂದು ಇಡೀ ದಿನ ಬಿಟ್ಟು ಮತ್ತೆ ಹಾಕಬೇಕು. ವಾರವಿಡೀ ಚೆನ್ನಾಗಿ ನಡೆದು ಮತ್ತೆ ಅದೇ ಪಾಡಾದರೆ ಹೀಟರಿನ ಕಡೆಯ ದೋಷವೇ. ಕೆಲವೊಮ್ಮೆ ಅದೂ ಇರುವುದಿಲ್ಲ, ಸಾರಿನ ಪಾತ್ರೆಯೊಂದು ಗಾಳಿಕಿಂಡಿಗೆ ಅಡ್ಡ ಕೂತಿರುತ್ತದೆ.

ಕೊನೆಯದು ಗ್ಯಾಸ್. "ಅದೇನು ಒಲೆ ಸಿಲಿಂಡರಾ ಸರ್, ಖರ್ಚಾಗೋಕೆ?" ಮುಚ್ಚಿದ ದಾರಿಯಲ್ಲಿ ಸುತ್ತುವ ಗ್ಯಾಸ್ ಕಡಿಮೆಯಾಗಿದ್ದರೆ ಸೋರಿರಲೇಬೇಕು. ತೂತು ಹುಡುಕದೆ ತುಂಬಿಸುವುದು ಒಡೆದ ಕೊಡಕ್ಕೆ ನೀರು ಸೇದಿದಂತೆ. ಸರಿಯಾಗಿ ಮಾಡುವವರು ನೈಟ್ರೋಜನ್ ಒತ್ತಿ, ಬೆಸುಗೆಗಳ ಮೇಲೆ ಸೋಪಿನ ನೊರೆ ಸವರಿ ಗುಳ್ಳೆಗೆ ಕಾಯುತ್ತಾರೆ. ತೂತು ಮುಚ್ಚಿ, ಫಿಲ್ಟರ್ ಬದಲಿಸಿ, ಪಂಪಿನಿಂದ ಒಳಗಿನ ಗಾಳಿ ತೇವ ಎಲ್ಲ ಎಳೆದು, ಆಮೇಲೆ ತಕ್ಕಡಿಯಲ್ಲಿ ತೂಗಿ ತುಂಬುತ್ತಾರೆ.

ಅವರ ಒಂದೇ ಆಯುಷ್ಯದಲ್ಲಿ ಈ ಗ್ಯಾಸ್ ಎರಡು ಸಲ ಬದಲಾಗಿದೆ. ಕಲಿಯುವಾಗ ಆರ್-12. ಅದು ಓಝೋನ್ ಪದರವನ್ನು ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ತೆರೆಮರೆಗೆ ಸರಿಯಿತು. ಆಮೇಲೆ ಬಂದ ಆರ್-134ಎ ಓಝೋನಿಗೆ ನಿರಪಾಯಕಾರಿ, ಭೂಮಿಯನ್ನು ಕಾಯಿಸುವುದರಲ್ಲಿ ಮಾತ್ರ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೇಲು. ಈಗಿನದು ಆರ್-600ಎ, ಎಂದರೆ ಐಸೋಬ್ಯೂಟೇನ್, ಅಡುಗೆ ಅನಿಲದ ದಾಯಾದಿ. ಮನೆಯ ಫ್ರಿಜ್ಜಿನಲ್ಲಿ ಸಾಮಾನ್ಯವಾಗಿ 100 ಗ್ರಾಂ ಕೂಡ ಇರುವುದಿಲ್ಲ, ಆದರೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಇಂಥ ಕಂಪ್ರೆಸರಿನ ಮೇಲೆ ಬೆಂಕಿಯ ಚಿತ್ರವಿರುತ್ತದೆ. ಕೊಳವೆ ಕತ್ತರಿಸುವ ಮುನ್ನ ಕಿಟಕಿ ತೆರೆಯುತ್ತಾರೆ, ಒಲೆ ಆರಿಸುತ್ತಾರೆ. ಮನೆಯವರ ಕೈ ಗ್ಯಾಸ್ಕೆಟ್, ನಾಬು, ಧೂಳು ಒರೆಸುವ ಬ್ರಷ್ಷಿನ ಆಚೆಗೆ ಹೋಗಬಾರದು.

ಅವರ ಕಸುಬಿನಲ್ಲಿ ನಾನು ಮೆಚ್ಚಿದ್ದು ಈ ಸರದಿಯನ್ನು. ಮುಟ್ಟಿ ತಿಳಿಯುವುದು ಮೊದಲು, ಕಳಚಿ ತಿಳಿಯುವುದು ಆಮೇಲೆ, ಕತ್ತರಿಸುವುದು ಎಲ್ಲಕ್ಕೂ ಕೊನೆಗೆ. ಕಾರ್ಖಾನೆಯಲ್ಲಿ ಮುಚ್ಚಿದ ಕೊಳವೆಯನ್ನು ಒಮ್ಮೆ ಕತ್ತರಿಸಿದರೆ ಇಲ್ಲದ ತೇವವೂ ಇಲ್ಲದ ಸೋರಿಕೆಯೂ ಒಳಬರಲು ದಾರಿಯಾಗುತ್ತದೆ. ಹಾಗೆಂದೇ ಅವರ ಜಾಣ್ಮೆಯ ಬಹುಪಾಲು ಚೀಲ ಬಿಚ್ಚುವ ಮುನ್ನವೇ ಖರ್ಚಾಗುತ್ತದೆ.

ನಮ್ಮ ಫ್ರಿಜ್ಜಿನಲ್ಲಿ ಹಿಮ ಗೋಡೆಗೋಡೆಗೂ ಸಮನಾಗಿತ್ತು, ನೋಟು ಬಿಗಿಯಾಗಿತ್ತು, ಮೋಟಾರು ಸಲೀಸಾಗಿ ಏಳುತ್ತಿತ್ತು. ಸಲೀಸಾಗಿ ನಿಲ್ಲುತ್ತಿರಲಿಲ್ಲ, ಅಷ್ಟೇ. ಬದಿಯ ತಗಡು ಮಾತ್ರ ಕೈಯಿಡಲಾಗದಷ್ಟು ಕಾದಿತ್ತು. ಅವರು ಸ್ಟಿಕ್ಕರಿನಲ್ಲಿದ್ದ 'ಟಿ' ಎಂಬ ಅಕ್ಷರ ತೋರಿಸಿದರು. ಸುತ್ತಲಿನ ಗಾಳಿ 43 ಡಿಗ್ರಿ ಇರುವವರೆಗೂ ಕೆಲಸ ಮಾಡಬಲ್ಲೆ ಎಂಬ ಮಾತು ಅದು. ಏಪ್ರಿಲ್ಲಿನ ದಾವಣಗೆರೆಗೆ ಆ ಮಾತು ಸಾಕಾಗುತ್ತಿತ್ತು. ಆದರೆ ನಾವು ಅಂದಚೆಂದಕ್ಕೆಂದು ಮೂರು ಕಡೆಯೂ ಪ್ಲೈವುಡ್ ಹೊಡೆಸಿ, ಫ್ರಿಜ್ಜಿನ ಸುತ್ತ ಬೇರೆಯದೇ ಒಂದು ಬೇಸಿಗೆ ಕಟ್ಟಿಬಿಟ್ಟಿದ್ದೆವು. ಬಿಸಿ ಹೊರಗೆ ಬಂದಿತ್ತು, ಹೋಗಲು ಜಾಗವಿರಲಿಲ್ಲ.

ಸಂಜೆ ಮತ್ತೆ ಬಂದರು. ಲೋಟದ ನೀರು 6 ಡಿಗ್ರಿ ತೋರಿಸುತ್ತಿತ್ತು, ಇನ್ನೂ ಇಳಿಯುತ್ತಿತ್ತು. ಎರಡೂ ಬದಿಗೆ ನಾಲ್ಕು ಬೆರಳು, ಮೇಲೆ ಒಂದು ಗೇಣು ಜಾಗ ಬಿಡಿಸಿ ಎಂದು ಬಡಗಿಗೆ ಹೇಳಬೇಕಾದ್ದನ್ನು ನಮಗೆ ಹೇಳಿದರು. ಬಂದುಹೋದ ಕೂಲಿ ಮಾತ್ರ ತೆಗೆದುಕೊಂಡರು. ನನ್ನ ಹೆಂಡತಿ ಫ್ರಿಜ್ಜಿನ ಬದಿ ಮುಟ್ಟಿ ನೋಡಿ, "ಇನ್ನೂ ಬೆಚ್ಚಗೇ ಇದೆಯಲ್ಲಣ್ಣ" ಎಂದಳು.

"ಇರ್ಲಿ ಅಕ್ಕಾ. ಅದು ನಿಮ್ಮ ಹಾಲಿನ ಬಿಸಿ."