ಮೂಡಗಾಳಿ, ಪಡುಗಾಳಿ ಮತ್ತು ಹೋಳಿಯ ಮುಂಚಿನ ಒಂದು ವಾರ

ಮಹಾಶಿವರಾತ್ರಿಗೂ ಹೋಳಿ ಹುಣ್ಣಿಮೆಗೂ ನಡುವಿನ ಯಾವುದಾದರೊಂದು ವಾರವನ್ನು ತೆಗೆದುಕೊಳ್ಳಿ. ಕಿತ್ತೂರಿನಲ್ಲಿ ಸೋಮವಾರ ಬೆಳಿಗ್ಗೆ ಚಾದರ ಸರಿಸಲು ಮನಸ್ಸಾಗದಷ್ಟು ಥಂಡಿ. ಅದೇ ಮಧ್ಯಾಹ್ನ ತಗಡಿನ ಚಪ್ಪರದ ಕೆಳಗೆ ನಿಲ್ಲಲಾಗದಷ್ಟು ಬಿಸಿಲು. ಬುಧವಾರದ ಹೊತ್ತಿಗೆ ಬೆಳಗಿನ ಚಳಿ ಎಲ್ಲಿ ಹೋಯಿತೋ ತಿಳಿಯದು, ರಾತ್ರಿಯಿಡೀ ಫ್ಯಾನು ತಿರುಗಿದರೂ ಮೈಗೆ ಅಂಗಿ ಅಂಟುತ್ತದೆ. ಶುಕ್ರವಾರ ಸಂಜೆ ಬೈಲಹೊಂಗಲದ ಮೇಲೆ ಮೋಡ ಕಟ್ಟಿ ಗುಡುಗುತ್ತದೆ. ಸವದತ್ತಿಯಲ್ಲಿ ಬರೀ ಧೂಳು ಏಳುತ್ತದೆ, ರಾಮದುರ್ಗಕ್ಕೆ ಅದೂ ತಲುಪುವುದಿಲ್ಲ. ಶನಿವಾರ ನಸುಕಿಗೆ ಮತ್ತೆ ಚಾದರ ಬೇಕು. “ಹವಾ ಕೆಟ್ಟೈತಿ” ಎನ್ನುತ್ತಾರೆ ಹಿರಿಯರು.

ಪಂಚಾಂಗದ ಲೆಕ್ಕದಲ್ಲಿ ಇದು ಇನ್ನೂ ಶಿಶಿರ. ವಸಂತಕ್ಕೆ ಯುಗಾದಿ ಆಗಬೇಕು. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಚಳಿಗಾಲ ಫೆಬ್ರುವರಿಗೆ ಮುಗಿದು, ಮಾರ್ಚ್ 1ರಿಂದ ಮುಂಗಾರುಪೂರ್ವ ಋತು ಆರಂಭ. ಗುಡ್ಡದ ಮುತ್ತುಗದ ಗಿಡ ಎರಡಕ್ಕೂ ಕಾಯದೆ ಆಗಲೇ ಕೆಂಪಾಗಿರುತ್ತದೆ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಹೊರಟುಹೋಗುತ್ತದೆ ಎಂಬ ಮಾತು ನಾಡಿನಲ್ಲೆಲ್ಲ ಇದೆ. ಕಿತ್ತೂರು ಸೀಮೆಯಲ್ಲಿ ಹೋದ ಚಳಿ ಎರಡು ಮೂರು ಸಲ ತಿರುಗಿ ಬಂದು ಹೋಗುತ್ತದೆ. ಅದು ಯಾಕೆ ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲು ಸೂರ್ಯನನ್ನು ಈ ಆರೋಪದಿಂದ ಬಿಡಿಸಬೇಕು. ಕಿತ್ತೂರು ಇರುವುದು ಸುಮಾರು 15.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯ ವಾರದಲ್ಲಿ ನಡುಮಧ್ಯಾಹ್ನದ ಸೂರ್ಯ ಇಲ್ಲಿ ದಿಗಂತದಿಂದ 51 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಫೆಬ್ರುವರಿ ಮಧ್ಯಕ್ಕೆ ಅದು 61 ಡಿಗ್ರಿ, ಮಾರ್ಚ್ 21ರ ಸುಮಾರಿಗೆ 74 ಡಿಗ್ರಿ, ಮೇ ಮೊದಲ ವಾರದಲ್ಲಿ ನೆತ್ತಿಯ ಮೇಲೆ. ಈ ಏರಿಕೆ ದಿನಕ್ಕೆ ಅರ್ಧ ಡಿಗ್ರಿಗಿಂತ ಕಡಿಮೆ, ಅದರಲ್ಲಿ ಏರುಪೇರು ಎಂಬುದಿಲ್ಲ. ಸೋಮವಾರಕ್ಕೂ ಬುಧವಾರಕ್ಕೂ ಬಿಸಿಲಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಬದಲಾಗಿರುವುದು ಗಾಳಿ ಮತ್ತು ಆ ಗಾಳಿ ಹೊತ್ತು ತಂದ ನೀರಾವಿ. ಈ ವಾರವನ್ನು ಅರ್ಥ ಮಾಡಿಕೊಳ್ಳಬೇಕೆಂದರೆ ಥರ್ಮಾಮೀಟರಿಗಿಂತ ಮೊದಲು ಗಾಳಿಯ ಹಸಿಯನ್ನು ನೋಡಬೇಕು.

ಕಿತ್ತೂರು ನಾಡಿನ ಜಾಗವೇ ಅಂಥದ್ದು. ಮಲಪ್ರಭೆಯ ಜೊತೆ ನಡೆದರೆ ಇದು ಸುಲಭವಾಗಿ ತಿಳಿಯುತ್ತದೆ. ನದಿ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿ ಸಹ್ಯಾದ್ರಿಯ ನೆತ್ತಿ. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ. ಅಲ್ಲಿಂದ ಬೈಲಹೊಂಗಲದ ಎರಿ ಭೂಮಿಗೆ ಇಳಿದು, ಸವದತ್ತಿಯ ಮರಳುಗಲ್ಲಿನ ಗುಡ್ಡವನ್ನು ನವಿಲುತೀರ್ಥದಲ್ಲಿ ಸೀಳಿಕೊಂಡು ರಾಮದುರ್ಗ ಸೇರುವಷ್ಟರಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಮುಟ್ಟುವುದೂ ಕಷ್ಟ. ಒಂದೇ ಜಿಲ್ಲೆಯೊಳಗೆ, ಒಂದೇ ನದಿಯ ದಂಡೆಯ ಮೇಲೆ, ಐದು ಪಟ್ಟಿನ ಅಂತರ. ಮಳೆಗಾಲದಲ್ಲಿ ಎಲ್ಲರಿಗೂ ಕಾಣುವ ಈ ಗಡಿ ಬೇಸಿಗೆಯ ಹೊಸ್ತಿಲಲ್ಲೂ ಇರುತ್ತದೆ. ಆಗ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಅರಬ್ಬಿ ಸಮುದ್ರದಿಂದ ಕಿತ್ತೂರಿಗೆ ನೇರ ದೂರ ಸುಮಾರು 100 ಕಿಲೋಮೀಟರ್. ಪಡುವಣದ ಹಸಿಗಾಳಿ ಘಟ್ಟ ಹತ್ತಿ ಇಲ್ಲಿಗೆ ಬರಬಲ್ಲದು. ಮೂಡಣದ ಒಣ ಬಯಲುಸೀಮೆಯ ಗಾಳಿಗೂ ಅಡ್ಡಿಯಿಲ್ಲ. ಜನವರಿಯಲ್ಲಿ ಮೂಡಗಾಳಿಯದೇ ಆಳ್ವಿಕೆ, ಜೂನ್‌ನಲ್ಲಿ ಪಡುಗಾಳಿಯದು. ನಡುವಿನ ಈ ವಾರಗಳಲ್ಲಿ ಯಾವುದೂ ಪೂರ್ತಿ ಗೆಲ್ಲುವುದಿಲ್ಲ.

ಮೂಡಗಾಳಿ ಬೀಸುವ ದಿನ ಏನಾಗುತ್ತದೆ? ಆಕಾಶ ನಿರ್ಮಲ, ಗಾಳಿಯಲ್ಲಿ ನೀರಾವಿ ಕಡಿಮೆ. ಕಡಲೆ, ಕುಸುಬಿ ಕಿತ್ತು, ಜೋಳ ಕೊಯ್ದು ಬರಿದಾದ ಎರಿ ನೆಲದ ಮೇಲ್ಪದರ ಒಣಗಿ ಬಿರುಕು ಬಿಟ್ಟಿರುತ್ತದೆ. ಒಣಮಣ್ಣಿನ ಕಣಗಳ ನಡುವೆ ತುಂಬಿರುವುದು ಗಾಳಿ. ಶಾಖ ಅದರ ಮೂಲಕ ಕೆಳಗಿಳಿಯುವುದು ನಿಧಾನ. ಹಸಿ ಮಣ್ಣಾದರೆ ಬಿಸಿಲಿನ ಶಕ್ತಿಯ ದೊಡ್ಡ ಪಾಲು ನೀರನ್ನು ಆವಿ ಮಾಡಲು ಖರ್ಚಾಗುತ್ತಿತ್ತು; ಈಗ ಆ ಖರ್ಚೂ ಇಲ್ಲ. ಹೀಗಾಗಿ ಮೇಲಿನ ತೆಳು ಪದರವಷ್ಟೇ ಧಗಧಗಿಸಿ, ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಮಧ್ಯಾಹ್ನ ಬಯಲಿನಲ್ಲಿ ಎಲೆ, ಧೂಳು, ಕಣಿಕೆಯ ರವದಿ ಎತ್ತಿಕೊಂಡು ಓಡುವ ಸುಂಟರಗಾಳಿ ಹುಟ್ಟುವುದು ಹೀಗೆ: ಕಾದ ಗಾಳಿ ಒಮ್ಮೆಗೇ ಮೇಲೇಳುತ್ತದೆ, ಸುತ್ತಲಿನ ಗಾಳಿ ಆ ಜಾಗ ತುಂಬಲು ಸುತ್ತಿಕೊಂಡು ನುಗ್ಗುತ್ತದೆ.

ಸೂರ್ಯ ಮುಳುಗಿದ ಮೇಲೆ ಲೆಕ್ಕ ತಿರುಗಿ ಬೀಳುತ್ತದೆ. ನೆಲ ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಬಿಡುತ್ತದೆ. ಆ ಕಿರಣಗಳನ್ನು ತಡೆದು ಒಂದು ಪಾಲನ್ನು ಕೆಳಕ್ಕೆ ಮರಳಿಸುವುದರಲ್ಲಿ ನೀರಾವಿಯೇ ಮುಂದು. ಗಾಳಿ ಒಣಗಿದ್ದರೆ ಆಕಾಶವು ಸೂರಿಲ್ಲದ ಮನೆಯಂತೆ. ಒಳಗಿನ ಬಿಸಿಯೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ಹಗಲು ಬೇಗ ಕಾದ ತೆಳು ಪದರ ಅಷ್ಟೇ ಬೇಗ ತಣಿಯುತ್ತದೆ. ಹಗಲಿನ 33–34 ಡಿಗ್ರಿ ಸೆಲ್ಸಿಯಸ್ ನಸುಕಿಗೆ 14–15ಕ್ಕೆ ಇಳಿಯುವುದು ಈ ಕಾರಣಕ್ಕೆ. ಸುಡು ಹಗಲನ್ನೂ ಥಂಡಿ ನಸುಕನ್ನೂ ಹುಟ್ಟಿಸುವುದು ಒಂದೇ ಒಣತನ.

ಪಡುಗಾಳಿ ಹಿಡಿದ ದಿನ ಹಗಲಿನ ಅಂಕಿ ಹೆಚ್ಚು ಬದಲಾಗದೆ ಇರಬಹುದು. ರಾತ್ರಿ ಮಾತ್ರ ಪೂರ್ತಿ ಬೇರೆ. ಇಲ್ಲಿ ಒಂದು ಅಳತೆಯ ಪರಿಚಯ ಬೇಕು: ಇಬ್ಬನಿ ಬಿಂದು. ಗಾಳಿಯನ್ನು ತಣಿಸುತ್ತ ಹೋದರೆ ಯಾವ ತಾಪಮಾನದಲ್ಲಿ ಅದರೊಳಗಿನ ಆವಿ ಹನಿಯಾಗತೊಡಗುತ್ತದೋ ಅದೇ ಇಬ್ಬನಿ ಬಿಂದು. ಮಧ್ಯಾಹ್ನ 34 ಡಿಗ್ರಿ ಇದ್ದು ಆರ್ದ್ರತೆ ಶೇ 20 ಇದ್ದರೆ ಇಬ್ಬನಿ ಬಿಂದು ಸುಮಾರು 8 ಡಿಗ್ರಿ. ಅದೇ 34 ಡಿಗ್ರಿಗೆ ಆರ್ದ್ರತೆ ಶೇ 40 ಆದರೆ ಅದು 18 ಡಿಗ್ರಿ ದಾಟುತ್ತದೆ. ರಾತ್ರಿಯ ತಾಪಮಾನ ಈ ಬಿಂದುವಿನ ಹತ್ತಿರ ಬಂದಾಗ ಆವಿ ಹನಿಗಟ್ಟುತ್ತದೆ. ಒಂದೊಂದು ಗ್ರಾಂ ಆವಿ ನೀರಾಗುವಾಗಲೂ ಸುಮಾರು 580 ಕ್ಯಾಲೊರಿ ಶಾಖ ಗಾಳಿಗೆ ಮರಳುತ್ತದೆ, ಇಳಿಕೆ ಅಲ್ಲಿಗೆ ಹೆಚ್ಚುಕಡಿಮೆ ನಿಲ್ಲುತ್ತದೆ. ಸಂಜೆಯ ಇಬ್ಬನಿ ಬಿಂದು ನೋಡಿದವರು ನಾಳೆಯ ನಸುಕಿನ ಥಂಡಿಯನ್ನು ಬಹುಮಟ್ಟಿಗೆ ಹೇಳಬಲ್ಲರು. ದಿನಪತ್ರಿಕೆ ಗರಿಷ್ಠ-ಕನಿಷ್ಠ ಅಂಕಿಗಳನ್ನಷ್ಟೇ ಕೊಟ್ಟು ಇದನ್ನು ಬಿಟ್ಟುಬಿಡುವುದು ನನಗೆ ಯಾವಾಗಲೂ ಕೊರತೆಯಾಗಿಯೇ ಕಂಡಿದೆ.

ನಮ್ಮ ಅಡುಗೆಮನೆಗಳಿಗೆ ಈ ವಿಷಯ ಹಳೆಯದು. ಹರವಿಯ ನೀರು ಒಂದು ದಿನ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದು ಇನ್ನೊಂದು ದಿನ ಬರೀ ನೀರಿನಂತಿರುತ್ತದಲ್ಲ, ಅದು ಗಾಳಿಯ ಹಸಿಯ ನೇರ ಅಳತೆ. ಹರವಿಯ ಮೈಯಿಂದ ಒಸರಿದ ನೀರು ಆವಿಯಾಗುತ್ತ ಒಳಗಿನ ಶಾಖವನ್ನು ಎಳೆದುಕೊಳ್ಳುತ್ತದೆ. ಆ ತಂಪಿಗೆ ಒಂದು ಕೆಳಮಿತಿ ಇದೆ: 34 ಡಿಗ್ರಿಯ ಶೇ 20 ಆರ್ದ್ರತೆಯ ಗಾಳಿಯಲ್ಲಿ ಅದು 18–19 ಡಿಗ್ರಿ, ಶೇ 40ರಲ್ಲಿ ಸುಮಾರು 24. ಮಾಳಿಗೆಯ ಮೇಲೆ ಶಾವಿಗೆ, ಸಂಡಿಗೆ ಹಾಕುವ ಹೆಣ್ಣುಮಕ್ಕಳು ಬೆಳಿಗ್ಗೆ ಗಾಳಿ ಯಾವ ಕಡೆಯದು ಎಂದು ನೋಡಿಯೇ ಹಿಟ್ಟು ಕಲಸುತ್ತಾರೆ. ಇದೂ ಹವಾಮಾನ ವಿಜ್ಞಾನವೇ.

ಪಡುಗಾಳಿ ಕಿತ್ತೂರು ಮುಟ್ಟುವುದಕ್ಕೂ ರಾಮದುರ್ಗ ಮುಟ್ಟುವುದಕ್ಕೂ ವ್ಯತ್ಯಾಸವಿದೆ. ಹಗಲು ಬಯಲುಸೀಮೆ ಕಾದು ಅಲ್ಲಿನ ಗಾಳಿ ಹಗುರಾದಂತೆ ಪಡುವಣದಿಂದ ತಂಪು ಗಾಳಿ ಒಳಕ್ಕೆ ನುಗ್ಗುತ್ತದೆ. ಘಟ್ಟಕ್ಕೆ ಹತ್ತಿರದ ಕಿತ್ತೂರಿಗೆ ಸಂಜೆ ಹೊತ್ತಿಗೆ ಹಾಯೆನಿಸುವಷ್ಟು ಸಿಗುತ್ತದೆ. ಪೂರ್ವಕ್ಕೆ ಇನ್ನೂ 50 ಕಿಲೋಮೀಟರ್ ಹೋಗುವಷ್ಟರಲ್ಲಿ ಅದು ಬಿಸಿ ನೆಲದ ಮೇಲೆ ಹರಿದು, ಒಣಗಾಳಿಯೊಡನೆ ಬೆರೆತು ಸೊರಗಿರುತ್ತದೆ. ಜಿಲ್ಲೆಗೆಲ್ಲ ಒಂದೇ ಮುನ್ಸೂಚನೆ ಕೊಟ್ಟರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವುದಕ್ಕಾದರೂ ಅದು ತಪ್ಪಿಯೇ ತಪ್ಪುತ್ತದೆ.

ಇನ್ನು ಶುಕ್ರವಾರದ ಗುಡುಗು. ಮಾರ್ಚ್ ಹೊತ್ತಿಗೆ ಅರಬ್ಬಿ ಸಮುದ್ರದ ಮೇಲೊಂದು, ಬಂಗಾಳ ಕೊಲ್ಲಿಯ ಮೇಲೊಂದು ಅಧಿಕ ಒತ್ತಡದ ಸುಳಿ ನೆಲೆಸುತ್ತದೆ. ಮೊದಲನೆಯದು ದಖನ್ನಿಗೆ ವಾಯವ್ಯದ ಗಾಳಿ ಕಳಿಸುತ್ತದೆ, ಎರಡನೆಯದು ಆಗ್ನೇಯದಿಂದ ಕೊಲ್ಲಿಯ ಹಸಿ ತರುತ್ತದೆ. ಎರಡೂ ಸಂಧಿಸುವ ಗೆರೆ ಮಹಾರಾಷ್ಟ್ರದಿಂದ ಒಳನಾಡು ಕರ್ನಾಟಕದ ಮೂಲಕ ತಮಿಳುನಾಡಿನ ಕಡೆಗೆ ಹಾಯುತ್ತದೆ. ಇದು ಹವಾಮಾನ ಇಲಾಖೆಯ ಈ ದಿನಗಳ ವರದಿಯಲ್ಲಿ ಪದೇಪದೇ ಕಾಣುವ ಗೆರೆ. ಗೆರೆ ಒಂದು ಕಡೆ ನಿಲ್ಲುವುದಿಲ್ಲ, ಇವತ್ತು ವಿಜಯಪುರದ ಮೇಲಿದ್ದರೆ ನಾಳೆ ಧಾರವಾಡದ ಮೇಲೆ. ಅದರ ಉದ್ದಕ್ಕೂ ಗಾಳಿಗೆ ಎದುರುಬದುರು ಒತ್ತಿ ಮೇಲೇಳುವುದೊಂದೇ ದಾರಿ. ಏರಿದ ಗಾಳಿಯಲ್ಲಿ ಹಸಿ ಇದ್ದರೆ ಮೋಡ, ಮೋಡ ಸಾಕಷ್ಟು ಎತ್ತರ ಬೆಳೆದರೆ ಅಡ್ಡಮಳಿ. ಸುರಿದ ಹನಿ ಕೆಳಗಿನ ಒಣಗಾಳಿಯಲ್ಲೇ ಆವಿಯಾಗಿಬಿಟ್ಟರೆ ಆ ಗಾಳಿ ತಣಿದು ಭಾರವಾಗಿ ನೆಲಕ್ಕೆ ಅಪ್ಪಳಿಸುತ್ತದೆ. ಸವದತ್ತಿಯವರಿಗೆ ಹನಿಯಿಲ್ಲದೆ ಬರೀ ಧೂಳು ಸಿಕ್ಕಿದ್ದು ಹಾಗೆ. ಗೆರೆ ಸರಿದುಹೋದ ಮೇಲೆ ಒಣಗಾಳಿ ಮತ್ತೆ ಒಳಬರುತ್ತದೆ, ಅದರೊಡನೆ ಶನಿವಾರದ ಚಳಿಯೂ.

ಆಲಿಕಲ್ಲು ಬೀಳುವುದು ನಡು ಮಳೆಗಾಲದಲ್ಲಲ್ಲ, ಹೆಚ್ಚಾಗಿ ಈ ತಿಂಗಳುಗಳಲ್ಲಿ. ನೆಲ ಕಾದಿದೆ, ಮೇಲ್ಗಾಳಿಯಲ್ಲಿ ಮಾತ್ರ ಚಳಿಗಾಲ ಇನ್ನೂ ಮುಗಿದಿಲ್ಲ. ಈ ಅಂತರ ಹೆಚ್ಚಿದಷ್ಟೂ ಮೋಡದೊಳಗಿನ ಏರುಗಾಳಿ ಬಲವಾಗುತ್ತದೆ, ಹಿಮದ ಹರಳನ್ನು ಹೆಚ್ಚು ಹೊತ್ತು ಎತ್ತಿ ಹಿಡಿದು ಬೆಳೆಸುತ್ತದೆ. ಉತ್ತರ ಭಾರತಕ್ಕೆ ಮಳೆ ತರುವ ಪಶ್ಚಿಮದ ಕ್ಷೋಭೆಗಳು ಕೆಲವೊಮ್ಮೆ ದಕ್ಷಿಣಕ್ಕೆ ಇಳಿದು, ಮೇಲ್ಗಾಳಿಯನ್ನು ಇನ್ನಷ್ಟು ತಣಿಸುತ್ತವೆ. 2014ರ ಫೆಬ್ರುವರಿ ಕೊನೆ ಮತ್ತು ಮಾರ್ಚ್ ಮೊದಲ ಪಕ್ಷದಲ್ಲಿ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಮೇಲೆ ದಿನಗಟ್ಟಲೆ ಆಲಿಕಲ್ಲು ಸುರಿದು, ದ್ರಾಕ್ಷಿ, ದಾಳಿಂಬೆ, ಗೋಧಿ, ಜೋಳ ನೆಲಕಚ್ಚಿದ್ದು ಇಂಥ ಕೂಟದಿಂದ.

ರೈತನಿಗೆ ಇದು ಕುತೂಹಲದ ವಿಷಯವಲ್ಲ. ಹಿಂಗಾರಿ ಜೋಳ ಮಳೆಯಿಲ್ಲದೆ, ಎರಿ ಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ಬೆಳೆದು ಬಂದದ್ದು. ಕೊಯ್ದ ತೆನೆಯ ಮೇಲೆ ಒಂದೇ ಒಂದು ಅಡ್ಡಮಳಿ ಬಿದ್ದರೂ ಕಾಳು ಕಪ್ಪಾಗುತ್ತದೆ, ಕಣಿಕೆ ಕೊಳೆಯುತ್ತದೆ. ಚಳಿಗಾಲದ ಇಬ್ಬನಿಯನ್ನು ಇದೇ ರೈತ ಬೇಡಿ ಪಡೆಯುತ್ತಾನೆ. ಹಸಿರು ಕಡಲೆಯ ಹೊಲದ ಮೇಲೆ ನಸುಕಿನಲ್ಲಿ ಬಿಳಿ ಬಟ್ಟೆ ಎಳೆದು, ಇಬ್ಬನಿಯೊಡನೆ ಬಂದ ಹುಳಿಯನ್ನು ಹಿಂಡಿ ಶೀಸೆಯಲ್ಲಿ ತುಂಬಿ ಹೊಟ್ಟೆನೋವಿಗೆ ಇಟ್ಟುಕೊಳ್ಳುವ ರೂಢಿ ಇಲ್ಲುಂಟು. ಎಲೆಯ ಮೇಲಿನ ಸೂಕ್ಷ್ಮ ರೋಮಗಳು ಒಸರುವ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳೇ ಆ ಹುಳಿ. ಆದರೆ ಮಾಘ ಕಳೆದ ಮೇಲೆ ಪಡುಗಾಳಿಯೊಡನೆ ಬರುವ ಇಬ್ಬನಿ ಮಾವಿಗೆ ಒಳ್ಳೆಯದಲ್ಲ. ಹಗಲು ಒಣ, ರಾತ್ರಿ ತಂಪು ಮತ್ತು ತೇವ: ಹೂಗೊಂಚಲಿಗೆ ಬೂದಿ ರೋಗ ಹತ್ತಲು ಇದಕ್ಕಿಂತ ಅನುಕೂಲ ಬೇಡ. ಕಿತ್ತೂರು–ಧಾರವಾಡ ಸೀಮೆಯ ಆಪೂಸಿನ ಫಸಲು ಎಷ್ಟೋ ವರ್ಷ ಈ ಕೆಲವು ರಾತ್ರಿಗಳಲ್ಲೇ ತೀರ್ಮಾನವಾಗಿಬಿಡುತ್ತದೆ.

ಈ ಹೊಸ್ತಿಲ ಕಾಲವೇ ಕಿರಿದಾಗುತ್ತಿದೆ ಎಂಬುದು ನನ್ನ ಚಿಂತೆ. ದೇಶದ ಸರಾಸರಿ ಗರಿಷ್ಠ ತಾಪಮಾನದ ಲೆಕ್ಕದಲ್ಲಿ 2023ರ ಫೆಬ್ರುವರಿ 1877ರಿಂದೀಚೆಗೆ ಅತಿ ಬಿಸಿಯದು ಎಂದು ಹವಾಮಾನ ಇಲಾಖೆ ಹೇಳಿತು. ಎರಡೇ ವರ್ಷಕ್ಕೆ, 2025ರ ಫೆಬ್ರುವರಿಯ ಸರಾಸರಿ ತಾಪಮಾನ 22.04 ಡಿಗ್ರಿ ತಲುಪಿ 1901ರಿಂದೀಚಿನ ದಾಖಲೆ ಮುರಿಯಿತು. ಒಂದು ಡಿಗ್ರಿ ಹೆಚ್ಚು ಬಿಸಿಯಾದ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಒಣಗಾಳಿ ಇದ್ದ ದಿನ ಅದು ನೆಲದ ಹಸಿಯನ್ನು ಬೇಗ ಹೀರುತ್ತದೆ, ಹಸಿಗಾಳಿ ಬಂದ ದಿನ ಮೋಡಕ್ಕೆ ಹೆಚ್ಚು ಸರಕು ಒದಗಿಸುತ್ತದೆ. ಕಾಳು ಕಟ್ಟುವ ಹೊತ್ತಿಗೆ ಬಿಸಿಲೇರಿದರೆ ಗೋಧಿ, ಕಡಲೆ ಅವಧಿಗೆ ಮುಂಚೆ ಹಣ್ಣಾಗಿ ಕಾಳು ಸಣ್ಣಗುಳಿಯುತ್ತದೆ.

ಸಹಾಯಕ್ಕೆ ದಾರಿಗಳಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಂಗಳವಾರ ಮತ್ತು ಶುಕ್ರವಾರ ಕೃಷಿ ಹವಾಮಾನ ಸಲಹೆ ಕೊಡುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಇಟ್ಟಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸಿಡಿಲಿನ ಸುಳಿವು ಕೊಡುತ್ತದೆ. ಮೊಬೈಲ್ ಕೈಯಲ್ಲಿಲ್ಲದಿದ್ದರೆ ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ: ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿದರೆ ಗಿಡದ ಕೆಳಗಾಗಲಿ ಬಣವಿಯ ಮಗ್ಗುಲಿಗಾಗಲಿ ನಿಲ್ಲದೆ ಗಟ್ಟಿ ಮನೆಯೊಳಗೆ ಸೇರಬೇಕು.

ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಲ್ಲಿ ಒಂದು ವಿನಂತಿ. ಒಂದು ಸ್ಟೀಲ್ ಲೋಟ, ನೀರು, ಐಸು, ಪ್ರಯೋಗಾಲಯದ ಥರ್ಮಾಮೀಟರ್ ಸಾಕು. ಲೋಟದ ನೀರಿಗೆ ಸ್ವಲ್ಪಸ್ವಲ್ಪವೇ ಐಸು ಹಾಕಿ ಕಲಕುತ್ತ ಹೋಗಿ, ಹೊರಮೈ ಮಂಜಾದ ಕ್ಷಣ ನೀರಿನ ತಾಪಮಾನ ಓದಿ. ಅದೇ ಆ ಹೊತ್ತಿನ ಇಬ್ಬನಿ ಬಿಂದು. ಶಿವರಾತ್ರಿಯಿಂದ ಯುಗಾದಿಯವರೆಗೆ ಮಕ್ಕಳಿಂದ ದಿನಾ ಸಂಜೆ ಇದನ್ನೂ ಗಾಳಿಯ ದಿಕ್ಕನ್ನೂ ಬರೆಸಿ, ಮರುದಿನದ ನಸುಕಿನ ತಾಪಮಾನವನ್ನು ಪಕ್ಕದಲ್ಲಿ ಬರೆಸಿ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಒಂದೊಂದು ಶಾಲೆ ಹೀಗೆ ಮಾಡಿ ವಹಿಗಳನ್ನು ಜೋಡಿಸಿದರೂ ಪಡುಗಾಳಿ ಯಾವ ದಿನ ಎಲ್ಲಿಯವರೆಗೆ ಬಂತು ಎಂಬುದು ಮಕ್ಕಳಿಗೇ ಕಾಣುತ್ತದೆ. ಈ ವರ್ಷದಿಂದಲೇ ಶುರುಮಾಡಿ.