ಧಾರವಾಡ ಪೇಡಾ: ಕಂದು ಬಣ್ಣದ ಹಿಂದಿನ ಕೈಕೆಲಸ ಏನು? ಆ ಹೆಸರು ಯಾರು ಬಳಸಬಹುದು?

ಪೀಣ್ಯ: ಹಬ್ಬಕ್ಕೆ ಊರಿಗೆ ಹೋದ ಉತ್ತರ ಕರ್ನಾಟಕದ ಕಾರ್ಮಿಕರು ವಾಪಸ್ ಬರುವಾಗ ಬ್ಯಾಗಿನಲ್ಲಿ ಪೇಡಾ ಬಾಕ್ಸ್ ಇದ್ದೇ ಇರುತ್ತದೆ. ಎಂಟನೇ ಮೈಲಿಯಲ್ಲಿ ಬೆಳಗ್ಗೆ ಬಸ್ ಇಳಿದು ಫ್ಯಾಕ್ಟರಿಗೆ ಹೋದರೆ, ಟೀ ಟೈಮ್‌ಗೆ ಬಾಕ್ಸ್ ಖಾಲಿ. ಅದೇ ಹೆಸರಿನ ಪೇಡಾ ಬೆಂಗಳೂರಿನ ಸ್ವೀಟ್ ಅಂಗಡಿ, ಬೇಕರಿಗಳಲ್ಲೂ ಸಿಗುತ್ತದೆ. ಹಾಗಾದ್ರೆ ಎರಡೂ ಒಂದೇನಾ? ಧಾರವಾಡ ಪೇಡಾ ಅಂತ ಬೋರ್ಡ್ ಹಾಕೋಕೆ ಯಾರಿಗೆ ಹಕ್ಕಿದೆ? ಇಲ್ಲಿದೆ ವಿವರ.

ಉನ್ನಾವ್‌ನಿಂದ ಲೈನ್ ಬಜಾರ್‌ಗೆ

ಈ ಪೇಡಾ ಶುರುವಾಗಿದ್ದು ಒಂದು ಮನೆತನದಿಂದ. ಪ್ಲೇಗ್ ಹಾವಳಿಯಿಂದಾಗಿ ಉತ್ತರ ಪ್ರದೇಶದ ಉನ್ನಾವ್ ಬಿಟ್ಟು ಧಾರವಾಡಕ್ಕೆ ಬಂದ ಠಾಕೂರ್ ಕುಟುಂಬದ ರಾಮ್ ರತನ್ ಸಿಂಗ್ ಹೊಟ್ಟೆಪಾಡಿಗಾಗಿ ಪೇಡಾ ಮಾಡಲು ಆರಂಭಿಸಿದರು. ಮೊಮ್ಮಗ ಬಾಬು ಸಿಂಗ್ ಠಾಕೂರ್ ಕಾಲದಲ್ಲಿ ಲೈನ್ ಬಜಾರ್‌ನ ಅಂಗಡಿ ಮನೆಮಾತಾಯಿತು. ಈಗಲೂ ಎಷ್ಟೋ ಜನ ಇದನ್ನು ಲೈನ್ ಬಜಾರ್ ಪೇಡಾ ಅಂತಲೇ ಕರೆಯುತ್ತಾರೆ.

ಆ ಅಂಗಡಿಯ ವ್ಯಾಪಾರದ ರೀತಿಯೇ ಬೇರೆ. ದಶಕಗಳ ಕಾಲ ಒಂದೇ ಅಂಗಡಿ, ಮಾಡೋದು ಮಿತವಾಗಿ, ಕೊಳ್ಳುವವರು ಕ್ಯೂ ನಿಲ್ಲಬೇಕು. ಉತ್ತರ ಪ್ರದೇಶ ಮೂಲದ್ದೇ ಆದ ಮಿಶ್ರಾ ಮನೆತನ ಹಿಡಿದಿದ್ದು ಇನ್ನೊಂದು ದಾರಿ. ಉತ್ಪಾದನೆ ಹೆಚ್ಚಿಸಿ, ಊರೂರಲ್ಲಿ ಮಳಿಗೆ ತೆರೆದು ಪೇಡಾವನ್ನು ಬೆಂಗಳೂರಿಗೂ ತಲುಪಿಸಿತು.

ಬಣ್ಣ ಬರೋದು ಹೇಗೆ?

ಮೊದಲು ಎಮ್ಮೆ ಹಾಲನ್ನು ಕುದಿಸಿ ಇಂಗಿಸಿ ಖೋವಾ ಮಾಡಬೇಕು. ಸುಮಾರು 5 ಲೀಟರ್ ಎಮ್ಮೆ ಹಾಲಿಗೆ 1 ಕೆ.ಜಿ. ಆಸುಪಾಸು ಖೋವಾ ಸಿಗುತ್ತದೆ. ಹಸುವಿನ ಹಾಲಿಗಿಂತ ಎಮ್ಮೆ ಹಾಲಲ್ಲಿ ಕೊಬ್ಬು ಜಾಸ್ತಿ ಇರೋದರಿಂದ ಖೋವಾ ಹೆಚ್ಚು ಬರುತ್ತದೆ, ಮೃದುವಾಗಿಯೂ ಇರುತ್ತದೆ.

ಬಿಳಿ ಪೇಡಾ ಮಾಡುವವರ ಕೆಲಸ ಹೆಚ್ಚುಕಮ್ಮಿ ಇಲ್ಲಿಗೇ ಮುಗಿಯುತ್ತದೆ. ಧಾರವಾಡ ಪೇಡಾದ ನಿಜವಾದ ಕೆಲಸ ಶುರುವಾಗೋದೇ ಇಲ್ಲಿಂದ. ಖೋವಾವನ್ನು ಸಕ್ಕರೆ ಜೊತೆ ಕಡಾಯಿಗೆ ಹಾಕಿ, ಕೈಬಿಡದೆ ಮಗುಚುತ್ತಾ ಕಂದು ಬಣ್ಣ ಬರುವವರೆಗೂ ಹುರಿಯಬೇಕು. ಹಾಲಿನೊಳಗಿನ ಸಕ್ಕರೆ ಮತ್ತು ಪ್ರೋಟೀನ್ ಬಿಸಿಗೆ ಸೇರಿದಾಗ ಆ ಬಣ್ಣ, ಘಮ ಹುಟ್ಟುತ್ತದೆ. ರೊಟ್ಟಿ ಮೇಲೆ ಕಂದು ಮಚ್ಚೆ ಬೀಳೋದೂ ಇದೇ ಕಾರಣಕ್ಕೆ. ಆಮೇಲೆ ಕೈಯಲ್ಲಿ ಉಂಡೆ ಕಟ್ಟಿ ನುಣ್ಣನೆಯ ಸಕ್ಕರೆಯಲ್ಲಿ ಹೊರಳಿಸುತ್ತಾರೆ.

ವಿದೇಶದ ಫಡ್ಜ್, ಟಾಫಿ ಕೂಡ ಇದೇ ಬಳಗದ ಸಿಹಿತಿಂಡಿಗಳು. ಫಡ್ಜ್ ಪಾಕವನ್ನು ಸುಮಾರು 115 ಡಿಗ್ರಿ, ಟಾಫಿಯನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಅಲ್ಲಿ ಥರ್ಮಾಮೀಟರ್ ನೋಡಿ ಇಳಿಸಬಹುದು. ಪೇಡಾಗೆ ಅಳತೆ ಮಾಡುವವರ ಕಣ್ಣು, ಮೂಗು. ಸ್ವಲ್ಪ ಬೇಗ ಇಳಿಸಿದರೆ ತೇವ ಉಳಿದು ಬೇಗ ಕೆಡುತ್ತದೆ, ತಡವಾದರೆ ಕಹಿ. ಮಗುಚೋಕೆ ಮೆಷಿನ್ ಬಂದಿವೆ, ಆದರೆ ಯಾವಾಗ ಇಳಿಸಬೇಕು ಅಂತ ಹೇಳೋಕೆ ಪಳಗಿದ ಕೈಯೇ ಬೇಕು. ಚೆನ್ನಾಗಿ ಹುರಿದ ಪೇಡಾ ಬಿಳಿ ಪೇಡಾಗಿಂತ ಹೆಚ್ಚು ದಿನ ತಡೆಯುತ್ತದೆ. ಬಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಪೀಣ್ಯ ತಲುಪಿದರೂ ಕೆಡದಿರೋಕೆ ಇದೇ ಕಾರಣ.

ಹೆಸರು ಯಾರದ್ದು?

ಧಾರವಾಡ ಪೇಡಾಗೆ ಭೌಗೋಳಿಕ ಸೂಚ್ಯಂಕ, ಅಂದರೆ ಜಿ.ಐ. ಮಾನ್ಯತೆ ಇದೆ. ಇದಕ್ಕೆ ಆಧಾರ 1999ರ ಕಾಯ್ದೆ, ಜಾರಿಗೆ ಬಂದದ್ದು 2003ರಲ್ಲಿ. ಇದು ಒಂದು ಕಂಪನಿಯ ಟ್ರೇಡ್‌ಮಾರ್ಕ್ ಥರ ಅಲ್ಲ. ಆ ಪ್ರದೇಶದಲ್ಲಿ ಆ ವಸ್ತು ತಯಾರಿಸುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡು ಹೆಸರು ಬಳಸಬಹುದು. ಬೇರೆ ಊರಲ್ಲಿ ತಯಾರಿಸಿ, ಗ್ರಾಹಕರಿಗೆ ಅದು ಧಾರವಾಡದ್ದೇ ಅನ್ನಿಸುವಂತೆ ಮಾರಿದರೆ ಕಾಯ್ದೆಯ ಉಲ್ಲಂಘನೆ.

ಹಾಗಂತ ಇಲ್ಲಿನ ವ್ಯಾಪಾರಿಗಳು ಹೆದರಬೇಕಿಲ್ಲ. ಅಧಿಕೃತ ತಯಾರಕರಿಂದ ಸರಿಯಾಗಿ ಖರೀದಿಸಿದ ಮಾಲನ್ನು ಅದೇ ಹೆಸರಲ್ಲಿ ಮಾರೋಕೆ ಅಡ್ಡಿಯಿಲ್ಲ. ಅಂಗಡಿಯಲ್ಲೇ ಮಾಡಿದ್ದಾದರೆ ಹಾಲಿನ ಪೇಡಾ, ಕಂದು ಪೇಡಾ ಅಂತ ಬರೆದರೆ ಆಯ್ತು, ತಕರಾರಿಲ್ಲ. ರುಚಿ ಚೆನ್ನಾಗಿದ್ದರೆ ಜನ ಅಂಗಡಿಯ ಹೆಸರನ್ನೇ ನೆನಪಿಟ್ಟುಕೊಳ್ಳುತ್ತಾರೆ. ಠಾಕೂರ್ ಮನೆತನಕ್ಕೆ ಆಗಿದ್ದೂ ಅದೇ.

ಅಂಗಡಿಯವರು, ಗ್ರಾಹಕರು ಗಮನಿಸಬೇಕಾದ್ದು

* ಬಿಡಿಯಾಗಿ ಮಾರುವ ಸಿಹಿತಿಂಡಿಯ ಟ್ರೇ ಮುಂದೆ ಯಾವ ದಿನಾಂಕದೊಳಗೆ ತಿನ್ನಬೇಕು ಅಂತ ಬರೆದಿರಬೇಕು. ಎಫ್‌ಎಸ್‌ಎಸ್‌ಎಐನ ಈ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.
* ಬಿಲ್ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು. ಇದು 2022ರ ಜನವರಿ 1ರಿಂದ ಕಡ್ಡಾಯ.
* ಧಾರವಾಡದಿಂದ ಮಾಲು ತರಿಸುವವರು ಖರೀದಿ ಬಿಲ್ ಜೋಪಾನವಾಗಿಟ್ಟುಕೊಳ್ಳಿ. ಹೆಸರಿನ ಬಗ್ಗೆ ಪ್ರಶ್ನೆ ಬಂದರೆ ಅದೇ ಆಧಾರ.
* ಖೋವಾದಲ್ಲಿ ಹಿಟ್ಟು ಬೆರೆತಿದೆ ಅನ್ನೋ ಅನುಮಾನ ಬಂದರೆ, ಸ್ವಲ್ಪ ಖೋವಾವನ್ನು ನೀರಲ್ಲಿ ಕುದಿಸಿ, ಆರಿದ ಮೇಲೆ ಎರಡು ಮೂರು ಹನಿ ಟಿಂಕ್ಚರ್ ಅಯೋಡಿನ್ ಹಾಕಿ. ನೀಲಿಯಾದರೆ ಪಿಷ್ಟ ಸೇರಿದೆ ಅಂತ ಅರ್ಥ. ಪರೀಕ್ಷೆಗೆ ಬಳಸಿದ್ದನ್ನು ಮಾತ್ರ ತಿನ್ನಬೇಡಿ.