ಕಾಡುದಾರಿಯ ನೆರಳು ಮತ್ತು ಕೀಟಗಳು

ಮೈಯ ಬಿಸಿಗೆ ಹೆಚ್ಚಿನ ಕೀಟಗಳು ಹೊರಗಿನ ಶಾಖವನ್ನೇ ನೆಚ್ಚಿವೆ. ಹಗಲು ಹಾರುವ ಬಹುಪಾಲು ಚಿಟ್ಟೆಗಳ ಎದೆಯ ಸ್ನಾಯು ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಮಾತ್ರ ರೆಕ್ಕೆ ಚುರುಕಾಗುತ್ತದೆ. ಹಾಗಾಗಿ ಕಾಡಿನ ದಾರಿಯೊಂದರಲ್ಲಿ ಯಾವ ಕೀಟ ಕಾಣಿಸುತ್ತದೆ ಎಂಬುದನ್ನು ಬಹುಮಟ್ಟಿಗೆ ನೆರಳೇ ಗೊತ್ತುಮಾಡುತ್ತದೆ.

ಯಳಂದೂರು ತಾಲ್ಲೂಕಿನ ಮಾಂಬಳ್ಳಿ ಬಯಲಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಏರುವಾಗ ಈ ಬದಲಾವಣೆ ಕೆಲವೇ ಕಿಲೋಮೀಟರುಗಳಲ್ಲಿ ಕಣ್ಣಿಗೆ ಬೀಳುತ್ತದೆ. ತಪ್ಪಲಿನಲ್ಲಿ ಕುರುಚಲು ಕಾಡು, ನಡುವೆ ಎಲೆಯುದುರುವ ಕಾಡು, ನೆತ್ತಿಯಲ್ಲಿ ಹುಲ್ಲುಗಾವಲು ಮತ್ತು ಶೋಲಾ ಎಂಬ ದಟ್ಟ ನಿತ್ಯಹಸಿರು ಕಾಡು. ಕುರುಚಲಿನ ಬರಿನೆಲದ ಹಾದಿಯಲ್ಲಿ ಹುಲಿ ಜೀರುಂಡೆಗಳು ಓಡಿ ಬೇಟೆಯಾಡುತ್ತವೆ. ಶೋಲಾದ ನೆಲಕ್ಕೆ ಬೀಳುವುದು ಬಯಲ ಬೆಳಕಿನ ಅತ್ಯಲ್ಪ ಪಾಲು. ಅಲ್ಲಿ ತೇವದ ತರಗೆಲೆ ತಿಂದು ಬದುಕುವ ಹುಳುಗಳು, ಒಣಗಿದ ಎಲೆಯಂತೆ ಕಾಣುವ ಕಂದು ಚಿಟ್ಟೆಗಳು ಹೆಚ್ಚು. ನಡುವಿನ ಎಲೆಯುದುರುವ ಕಾಡಿನಲ್ಲಿ ನೆರಳೇ ಋತುವಿನ ಜೊತೆ ಬದಲಾಗುತ್ತದೆ: ಮಳೆಗಾಲದಲ್ಲಿ ಮಬ್ಬು ಕವಿದಿದ್ದ ದಾರಿ ಮಾರ್ಚ್‌ನಲ್ಲಿ ಬಿಸಿಲಿಗೆ ಬಿದ್ದಿರುತ್ತದೆ.

ನೆರಳೂ ಬಿಸಿಲೂ ಬೆರೆತಿರುವ ದಾರಿಯಂಚಿನಲ್ಲಿ ಕೀಟಗಳ ಬಗೆ ಸಾಮಾನ್ಯವಾಗಿ ಹೆಚ್ಚು. ಒಂದು ಮಗ್ಗುಲಲ್ಲಿ ಹೂವು, ಹುಲ್ಲು, ಇನ್ನೊಂದರಲ್ಲಿ ತಂಪು. ಹಸಿ ಮಣ್ಣಿನ ಮೇಲೆ ಗಂಡು ಚಿಟ್ಟೆಗಳು ಗುಂಪುಗೂಡಿ ಉಪ್ಪಿನಂಶ ಹೀರುತ್ತವೆ. ಆದರೆ ಜಾತಿಗಳ ಈ ಎಣಿಕೆಯನ್ನು ಎಚ್ಚರದಿಂದ ಓದಬೇಕು. ದಾರಿಯನ್ನು ಅಗಲ ಮಾಡಿದರೆ ಸೇರುವುದು ಹೆಚ್ಚಾಗಿ ಊರ ಹೊಲದಲ್ಲೂ ಸಿಗುವ ಜಾತಿಗಳೇ. ಜಾಗ ಬಿಡುವುದು ನೆರಳನ್ನಷ್ಟೇ ನಂಬಿದ, ಬೇರೆಡೆ ಬದುಕಲಾರದ ಜಾತಿಗಳು. ಪಟ್ಟಿ ಉದ್ದವಾದರೂ ಕಾಡು ಬಡವಾಗಿರಬಹುದು.

ಲಂಟಾನ ಎಂಬ ಕಳೆಪೊದೆ ಇನ್ನೊಂದು ತೊಡಕು. ದಟ್ಟ ನೆರಳಿನಲ್ಲಿ ಅದು ಸೊರಗುತ್ತದೆ, ಮರ ವಿರಳವಾದ ದಾರಿಯಂಚಿನಲ್ಲಿ ಹಬ್ಬುತ್ತದೆ. 1997 ಮತ್ತು 2008ರ ನಡುವೆ ಬಿಳಿಗಿರಿಯ ಕಾಡಿನಲ್ಲಿ ಅದರ ಹರವು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಈ ಬೆಟ್ಟದ ಬುಡಕಟ್ಟಿನವರಾದ ಸೋಲಿಗರು ಹಿಂದೆ ಬೇಸಿಗೆಯ ಮೊದಲಲ್ಲೇ ಹಾಕುತ್ತಿದ್ದ ತರಗು ಬೆಂಕಿ ನಿಂತದ್ದೂ ಇದಕ್ಕೆ ಕಾರಣ ಎಂಬುದು ಅವರ ವಾದ; ಸಂಶೋಧಕರೂ ಅದನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. ಪೊದೆಯಡಿಯ ಗಾಢ ನೆರಳಿನಲ್ಲಿ ಹುಲ್ಲು ಸಾಯುತ್ತದೆ, ಹುಲ್ಲು ತಿನ್ನುವ ಮರಿಹುಳುಗಳಿಗೆ ಊಟ ತಪ್ಪುತ್ತದೆ. ಮೇಲೆ ಮಾತ್ರ ಮಕರಂದಕ್ಕೆ ಬಂದ ಚಿಟ್ಟೆಗಳ ಜಾತ್ರೆ! ಲಂಟಾನದ ಹೂವಿನ ಮೇಲೆ ಎಣಿಸಿದ ಚಿಟ್ಟೆಗಳಿಂದ ಆ ಕಾಡಿನ ಆರೋಗ್ಯ ಅಳೆಯಲಾಗದು.

ಇದೇ ಬೆಟ್ಟದ ಕಾಫಿ ತೋಟಗಳಲ್ಲಿ ನೆರಳಿನ ಪ್ರಭಾವ ನೇರವಾಗಿ ಹಣದ ಪ್ರಶ್ನೆ. ಅರೇಬಿಕಾ ಕಾಫಿಯನ್ನು ಕಾಡುವ ಬಿಳಿ ಕಾಂಡಕೊರಕ ದುಂಬಿ ಬಿಸಿಲು ಬಿದ್ದ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ದುಂಬಿಗಳು ಹೊರಬರುವುದು ಏಪ್ರಿಲ್–ಮೇ ಹಾಗೂ ಅಕ್ಟೋಬರ್–ಡಿಸೆಂಬರ್‌ನಲ್ಲಿ. ನೆರಳು ತೆಳುವಾದ ತೋಟಕ್ಕೆ ಅದರ ಕಾಟ ಹೆಚ್ಚು. 1990ರಲ್ಲಿ ಭಾರತದಲ್ಲಿ ಮೊದಲು ಕಂಡ ಕಾಯಿಕೊರಕಕ್ಕೆ ಅನುಕೂಲವಾಗುವುದು ಇದಕ್ಕೆ ತದ್ವಿರುದ್ಧವಾದ ದಟ್ಟ ನೆರಳು ಮತ್ತು ತೇವ. ಬೆಳೆಗಾರ ಮರಗಸಿ (ನೆರಳುಮರದ ಕೊಂಬೆ ಸವರುವುದು) ಮಾಡುವಾಗ ಈ ಎರಡು ಹುಳುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.